ಹಾಲಿನ ಪ್ಯಾಕೆಟ್ಟಿಗೂ ಒಂದು ಲೆಕ್ಕವಿರಲಿ

ಕೊಂಡಾಪುರದ ಅಪಾರ್ಟ್‌ಮೆಂಟ್ ಮನೆಗಳಲ್ಲಿ ತಿಂಗಳ ಖರ್ಚಿನ ಲೆಕ್ಕ ಬರೆಯುವವರು ಇಂದಿಗೂ ಇದ್ದಾರೆ. ಆದರೆ ಮನೆಗೆ ಎಷ್ಟು ಪ್ಲಾಸ್ಟಿಕ್ ಬಂತು, ಎಷ್ಟು ಹೋಯಿತು ಎಂದು ಯಾರೂ ಬರೆದಿಡುವುದಿಲ್ಲ. ದಿನಕ್ಕೆ ಎರಡು ಅರ್ಧ ಲೀಟರ್ ಹಾಲು, ಒಂದು ಮೊಸರಿನ ಪ್ಯಾಕೆಟ್ ಎಂದರೂ ವರ್ಷಕ್ಕೆ 1,095 ಆಯಿತು. ನೂರು ಮನೆಗಳ ಒಂದು ಕಟ್ಟಡದಲ್ಲಿ ಅದು ಲಕ್ಷ ದಾಟುತ್ತದೆ. ಬೇಳೆ, ರವೆ, ಎಣ್ಣೆ, ಸೋಪಿನ ಪುಡಿ, ಮಕ್ಕಳ ಚಿಪ್ಸು, ಮನೆ ಬಾಗಿಲಿಗೆ ತರಿಸಿಕೊಳ್ಳುವ ಸಾಮಾನಿನ ಹೊದಿಕೆ ಇವೆಲ್ಲ ಬೇರೆ.

ಕಾನೂನು ಬಂದಿದೆಯಲ್ಲ ಎಂದು ಕೆಲವರು ಕೇಳಬಹುದು. ಕರ್ನಾಟಕ 2016ರಲ್ಲಿಯೇ ಪ್ಲಾಸ್ಟಿಕ್ ಕೈಚೀಲ, ತಟ್ಟೆ, ಲೋಟಗಳನ್ನು ನಿಷೇಧಿಸಿತು. 2022ರ ಜುಲೈ 1ರಿಂದ ಒಮ್ಮೆ ಬಳಸಿ ಬಿಸಾಡುವ ತಟ್ಟೆ, ಲೋಟ, ಚಮಚ, ಸ್ಟ್ರಾಗಳಿಗೆ ದೇಶದಾದ್ಯಂತ ನಿಷೇಧ ಬಂತು. ಸಿಹಿತಿಂಡಿ ಡಬ್ಬಿಗೆ ಸುತ್ತುವ ತೆಳು ಹಾಳೆಯೂ ಆ ಪಟ್ಟಿಯಲ್ಲಿದೆ. ಆದರೆ ಹಾಲು, ದಿನಸಿ, ಕುರುಕಲು ತಿಂಡಿಗಳ ಪ್ಯಾಕೆಟ್ಟುಗಳು ಅದರಲ್ಲಿಲ್ಲ. ನಮ್ಮ ಅಡುಗೆಮನೆಯ ಕಸದಲ್ಲಿ ಹೆಚ್ಚಾಗಿರುವುದು ಇವೇ. ಆದ್ದರಿಂದ ಸರ್ಕಾರದ ಆದೇಶ ನಿಂತ ಕಡೆಯಿಂದ ಮನೆಯವರ ಕೆಲಸ ಶುರುವಾಗುತ್ತದೆ.

ನಾವು ಎಸೆದದ್ದು ಮಾಯವಾಗುವುದಿಲ್ಲ. ಈ ಮಹಾನಗರದ ಕಸವನ್ನು ವರ್ಷಗಟ್ಟಲೆ ಹೊತ್ತಿದ್ದು ಊರಿನ ಇನ್ನೊಂದು ತುದಿಯ ಜವಾಹರ್‌ನಗರ. 2020ರಲ್ಲಿ ಅಲ್ಲಿ ಕಸದಿಂದ ವಿದ್ಯುತ್ ತಯಾರಿಸುವ ಘಟಕ ಆರಂಭವಾಯಿತು. ಆದರೂ ಸುತ್ತಲಿನ ಜನರಿಗೆ ದುರ್ವಾಸನೆ, ಕೆಟ್ಟ ನೀರು ಹೊಸ ಮಾತಲ್ಲ. ಬೆಂಗಳೂರಿನ ಕಸ ಬೇಡವೆಂದು ಮಾವಳ್ಳಿಪುರ, ಮಂಡೂರಿನ ಗ್ರಾಮಸ್ಥರು ಬೀದಿಗಿಳಿದದ್ದು ನಮ್ಮವರಿಗೆ ನೆನಪಿರಬೇಕು. ಜವಾಹರ್‌ನಗರದವರ ಕಷ್ಟವೂ ಅದೇ.

ಹಾಗಾದರೆ ಮನೆಯಲ್ಲಿ ಏನು ಮಾಡಬಹುದು? ಮೊದಲು ಒಂದು ವಾರದ ಪ್ಲಾಸ್ಟಿಕ್ ಅನ್ನು ಒಂದೇ ಚೀಲದಲ್ಲಿ ಕೂಡಿಟ್ಟು, ಭಾನುವಾರ ಮನೆಮಂದಿಯೆಲ್ಲ ಕುಳಿತು ಎಣಿಸಿ ನೋಡಬೇಕು. ಯಾವುದು ಹೆಚ್ಚು, ಯಾವುದಕ್ಕೆ ಬದಲಿ ಇದೆ ಎಂಬುದು ಆಗಲೇ ತಿಳಿಯುತ್ತದೆ. ಹಾಲಿನ ಪ್ಯಾಕೆಟ್ಟಿನ ಮೂಲೆಯನ್ನು ಪೂರ್ತಿ ಕತ್ತರಿಸದೆ, ತುಂಡು ಅಂಟಿಕೊಂಡಿರುವಂತೆ ಸೀಳಬೇಕು. ತೊಳೆದು ಒಣಗಿಸಿ ಕೂಡಿಟ್ಟರೆ ಗುಜರಿಯವರು ಒಯ್ಯುತ್ತಾರೆ. ಚಿಪ್ಸಿನ ಪೊಟ್ಟಣ ಹಾಗಲ್ಲ. ಅದರಲ್ಲಿ ಪ್ಲಾಸ್ಟಿಕ್ ಪದರಗಳ ಜೊತೆ ಅಲ್ಯೂಮಿನಿಯಂ ಲೇಪ ಅಂಟಿಕೊಂಡಿರುವುದರಿಂದ ಬೇರ್ಪಡಿಸುವುದು ಕಷ್ಟ, ಕೊಳ್ಳುವವರೂ ಇಲ್ಲ. ಅಂಥದ್ದನ್ನು ತರುವುದನ್ನೇ ಕಡಿಮೆ ಮಾಡಬೇಕು. ತರಕಾರಿಗೆ ವಾರದ ಸಂತೆಯೂ ಬಟ್ಟೆ ಚೀಲವೂ ಸಾಕು. ಕಲಬುರಗಿ, ಬೀದರ್ ಕಡೆಯ ಎಷ್ಟೋ ಮನೆಗಳು ಜೋಳ, ತೊಗರಿ ಬೇಳೆಯನ್ನು ಊರಿನಿಂದಲೇ ಚೀಲದಲ್ಲಿ ತರಿಸುತ್ತವೆ. ನಾಲ್ಕು ಮನೆಯವರು ಸೇರಿ ತರಿಸಿ ಹಂಚಿಕೊಂಡರೆ ದುಡ್ಡೂ ಉಳಿಯುತ್ತದೆ.

ಎಲ್ಲವನ್ನೂ ಬಿಡಿಯಾಗಿ ಕೊಳ್ಳಿ ಎಂದು ಹೇಳುವುದು ಸರಿಯಲ್ಲ. 1998ರಲ್ಲಿ ದೆಹಲಿಯಲ್ಲಿ ಕಲಬೆರಕೆ ಸಾಸಿವೆ ಎಣ್ಣೆ ತಿಂದು ಹಲವರು ಪ್ರಾಣ ಕಳೆದುಕೊಂಡರು. ಅಡುಗೆ ಎಣ್ಣೆಯನ್ನು ಬಿಡಿಯಾಗಿ ಮಾರಬಾರದೆಂಬ ನಿಯಮ ಸುಮ್ಮನೆ ಬಂದದ್ದಲ್ಲ. ಅಲ್ಲಿ ಐದು ಒಂದು ಲೀಟರ್ ಪ್ಯಾಕೆಟ್ಟುಗಳ ಬದಲು 5 ಲೀಟರಿನ ಒಂದು ಕ್ಯಾನ್ ತರುವುದು ಜಾಣತನ. ದಿನಗೂಲಿಯ ಮೇಲೆ ಬದುಕುವವರಿಗೆ ಒಟ್ಟಿಗೆ ಅಷ್ಟು ಹಣ ಹಾಕುವುದು ಆಗದು. ಒಂದು ರೂಪಾಯಿಯ ಶಾಂಪೂ ಸ್ಯಾಚೆಟ್ ಅವರ ಅನಿವಾರ್ಯ. ಸಂಬಳ ಬರುವ ಮನೆಯವರು ಅವರತ್ತ ಬೆರಳು ತೋರಿಸದೆ ತಮ್ಮ ಮನೆಯಿಂದ ಆರಂಭಿಸಬೇಕು.

ಇನ್ನೊಂದು ಮಾತು. ಪ್ಯಾಕೆಟ್ ತೊಳೆಯುವುದು, ಒಣಗಿಸುವುದು, ಚೀಲ ನೆನಪಿಟ್ಟು ಒಯ್ಯುವುದು ಎಲ್ಲವೂ ಮನೆಯ ಹೆಂಗಸರ ತಲೆಗೇ ಬಂದರೆ ಈ ಕೆಲಸ ಹದಿನೈದು ದಿನವೂ ನಡೆಯದು. ಗಂಡಸರ ಸ್ಕೂಟರಿನಲ್ಲಿ ಒಂದು ಬಟ್ಟೆ ಚೀಲ ಸದಾ ಇರಲಿ. ಒಣ ಕಸದ ಚೀಲದ ಜವಾಬ್ದಾರಿ ಮಕ್ಕಳದಾಗಲಿ. ಹಸಿ ಕಸ, ಒಣ ಕಸ ಕಲಸಿ ಕೊಟ್ಟರೆ ಅದನ್ನು ಬರಿಗೈಯಲ್ಲಿ ಕೆದಕಬೇಕಾದವರು ಕಸದ ಆಟೋದವರು ಎಂಬುದನ್ನೂ ಅವರಿಗೆ ತಿಳಿಸಿ ಹೇಳಬೇಕು.

ಮನೆಗಿರುವ ಶಿಸ್ತು ಸಂಘಕ್ಕೂ ಬೇಕು. ರಾಜ್ಯೋತ್ಸವ, ಯುಗಾದಿ ಸಮಾರಂಭಗಳ ಊಟದ ನಂತರ ಸಭಾಂಗಣದ ಹಿಂದೆ ನೀರಿನ ಬಾಟಲಿಗಳ ರಾಶಿ ಬಿದ್ದಿದ್ದರೆ ವೇದಿಕೆಯ ಭಾಷಣಕ್ಕೆ ಬೆಲೆ ಇರುವುದಿಲ್ಲ. ಬಾಳೆ ಎಲೆ ಸಿಗದಿದ್ದರೆ ಇಲ್ಲಿಯವರು ವಿಸ್ತರಾಕು ಎನ್ನುವ ಮುತ್ತುಗದ ಪತ್ರಾವಳಿ ಇದೆ. ಸ್ಟೀಲ್ ಲೋಟಗಳನ್ನು ಒಮ್ಮೆ ಕೊಂಡರೆ ವರ್ಷಗಟ್ಟಲೆ ಬಾಳುತ್ತವೆ. ಕೊಂಡಾಪುರ ಭಾಗದ ಕನ್ನಡಿಗರು ಮುಂದಿನ ಕಾರ್ಯಕಾರಿ ಸಭೆಯಲ್ಲಿ ಇದನ್ನು ಚರ್ಚೆಗೆ ತಂದು, ಲೋಟಗಳ ಖರೀದಿಗೆ ಈ ವರ್ಷದ ಆಯವ್ಯಯದಲ್ಲಿಯೇ ಒಂದಿಷ್ಟು ಹಣ ತೆಗೆದಿರಿಸುವಂತೆ ಒತ್ತಾಯಿಸಬೇಕು.