ಬಾಗುವ ಎಲೆ, ನಿಲ್ಲುವ ಕಾಂಡ

ಹಲ್ಲಿನ ಡಾಕ್ಟರು ರಬ್ಬರ್ ಬಟ್ಟಲಿನಲ್ಲಿ ಪುಡಿಗೆ ನೀರು ಹಾಕಿ ಸರಸರ ಕಲಸಿ, ಟ್ರೇಗೆ ತುಂಬಿ ಬಾಯೊಳಗೆ ಒತ್ತಿ ಹಿಡಿಯುತ್ತಾರಲ್ಲ, ದೋಸೆ ಹಿಟ್ಟಿನಂತಿದ್ದ ಆ ಮುದ್ದೆ ಕೆಲವೇ ನಿಮಿಷದಲ್ಲಿ ಗಟ್ಟಿಯಾಗಿ ಹಲ್ಲುಸಾಲಿನ ಅಚ್ಚು ಹೊತ್ತು ಹೊರಬರುತ್ತದೆ. ಅದನ್ನು ಗಟ್ಟಿಯಾಗಿಸುವ ಆಲ್ಜಿನೇಟ್ ನಮಗೆ ಸಿಗುವುದು ಕಂದು ಕಡಲಪಾಚಿಯಿಂದ. ಕಾರವಾರದ ಬಂಡೆಗಳಿಗೆ ಅಂಟಿಕೊಂಡ ಸರ್ಗಾಸಮ್ ಕೂಡ ಅದೇ ಕುಲದ್ದು.

ಹತ್ತೊಂಬತ್ತನೆಯ ಶತಮಾನದ ಸ್ಕಾಟ್ಲೆಂಡಿನಲ್ಲಿ ಪಾಚಿ ಸುಟ್ಟ ಬೂದಿಯಿಂದ ಅಯೋಡಿನ್ ತೆಗೆಯುತ್ತಿದ್ದರು. ಸುಟ್ಟರೆ ಉಳಿದದ್ದೆಲ್ಲ ದಂಡ ಎಂದು ಕಂಡ ರಸಾಯನಜ್ಞ ಎಡ್ವರ್ಡ್ ಸ್ಟ್ಯಾನ್‌ಫೋರ್ಡ್, 1881ರಲ್ಲಿ ಪಾಚಿಯನ್ನು ಸೋಡಾದಲ್ಲಿ ನೆನೆಸಿ ಆಲ್ಜಿನೇಟ್ ಎಂಬ ಈ ಲೋಳೆಯನ್ನು ಬೇರ್ಪಡಿಸಿದ. ಇಂದಿಗೂ ಕಾರ್ಖಾನೆಗಳು ಹಿಡಿದಿರುವುದು ಬಹುಮಟ್ಟಿಗೆ ಅದೇ ದಾರಿ.

ಈ ಲೋಳೆಯ ಒಳಗಿರುವುದು ಎರಡೇ ಬಗೆಯ ಸಕ್ಕರೆ ಆಮ್ಲ: ಮ್ಯಾನ್ಯೂರಾನಿಕ್ ಮತ್ತು ಗುಲ್ಯೂರಾನಿಕ್. ಎರಡರಲ್ಲೂ ಪರಮಾಣುಗಳು ಅವೇ, ಅಷ್ಟೇ. ಐದನೆಯ ಇಂಗಾಲದ ಬಳಿ ಒಂದು ತಿರುವು ಮಾತ್ರ ಬೇರೆ. ನನ್ನನ್ನು ಬಹಳ ಕಾಲದಿಂದ ಹಿಡಿದಿಟ್ಟಿರುವುದು ಇದರ ಹುಟ್ಟು. ಪಾಚಿ ಮೊದಲು ಇಡೀ ಸರಪಳಿಯನ್ನು ಮ್ಯಾನ್ಯೂರಾನಿಕ್‌ನಿಂದಲೇ ಹೆಣೆಯುತ್ತದೆ. ಆಮೇಲೆ ಕಿಣ್ವವೊಂದು ಬಂದು, ಕೊಂಡಿ ಕಳಚದೆ, ಇದ್ದಲ್ಲೇ ಕೆಲವನ್ನು ತಿರುಗಿಸಿ ಗುಲ್ಯೂರಾನಿಕ್ ಮಾಡುತ್ತದೆ. ನೇಯ್ದು ಮುಗಿಸಿದ ಸೀರೆಯಲ್ಲಿ ಎಳೆ ಬಿಚ್ಚದೆ ಬಣ್ಣ ಬದಲಿಸಿದ ಹಾಗೆ!

ಮ್ಯಾನ್ಯೂರಾನಿಕ್ ಸಾಲು ಪಟ್ಟಿಯಂತೆ ಚಪ್ಪಟೆ. ಗುಲ್ಯೂರಾನಿಕ್ ಸಾಲು ಅಂಕುಡೊಂಕು. ಅಂಥ ಎರಡು ಸಾಲು ಎದುರುಬದುರಾದರೆ ನಡುವೆ ಕುಳಿಗಳು. ಆ ಕುಳಿಗಳಲ್ಲಿ ಕ್ಯಾಲ್ಸಿಯಂ, ಟ್ರೇಯಲ್ಲಿ ಮೊಟ್ಟೆ ಕೂತಂತೆ ಕೂತು ಸಾಲುಗಳನ್ನು ಬಿಗಿಯುತ್ತದೆ; ಮುದ್ದೆ ಗಟ್ಟಿಯಾಗುವುದು ಹೀಗೆ. 1973ರಲ್ಲಿ ಈ ಮಾದರಿಯನ್ನು ಮುಂದಿಟ್ಟವರೂ ಮೊಟ್ಟೆಪೆಟ್ಟಿಗೆಯ ಹೆಸರನ್ನೇ ಕೊಟ್ಟರು. ಡಾಕ್ಟರ ಪುಡಿಯಲ್ಲಿ ಕ್ಯಾಲ್ಸಿಯಂ ಸಲ್ಫೇಟ್ ಬೆರೆತಿರುತ್ತದೆ. ಜೊತೆಗಿರುವ ಫಾಸ್ಫೇಟ್ ಮೊದಲು ಬಂದ ಕ್ಯಾಲ್ಸಿಯಂ ಅನ್ನು ತಾನೇ ನುಂಗಿ, ಟ್ರೇ ಬಾಯಿ ಸೇರುವಷ್ಟು ಪುರಸೊತ್ತು ಕೊಡುತ್ತದೆ.

ನಾರ್ವೆಯ ಕರಾವಳಿಯ ಲ್ಯಾಮಿನೇರಿಯಾ ಹೈಪರ್ಬೋರಿಯಾ ಎಂಬ ಪಾಚಿಯಲ್ಲಿ ಅಲೆಯ ಹೊಡೆತಕ್ಕೆ ನೆಟ್ಟಗೆ ನಿಲ್ಲಬೇಕಾದ ಕಾಂಡದಲ್ಲಿ ಗುಲ್ಯೂರಾನಿಕ್ ಹೆಚ್ಚು. ನೀರಿನೊಡನೆ ಬಳುಕುವ ಎಲೆಯಲ್ಲಿ ಕಡಿಮೆ. ಒಂದೇ ಗಿಡ, ಅವೇ ಎರಡು ಸಕ್ಕರೆ.

ಕಂದು ಪಾಚಿಯಲ್ಲಿ ಆಲ್ಜಿನೇಟ್ ಅಲ್ಲದೆ ಬೇರೆ ಸಕ್ಕರೆ ಸರಗಳೂ ಇವೆ. ಪಾಚಿ ಊಟಕ್ಕೆ ಕೂಡಿಟ್ಟುಕೊಳ್ಳುವ ಲ್ಯಾಮಿನಾರಿನ್ ಬರೀ ಗ್ಲೂಕೋಸಿನ ಸರ. ಕೆಲವು ಸರಗಳ ತುದಿಗೆ ಮ್ಯಾನಿಟಾಲ್. ಸ್ವೀಡನ್ನಿನ ಹರಾಲ್ಡ್ ಕೈಲಿನ್ 1913ರಲ್ಲಿ ಕಂಡ ಫ್ಯೂಕೊಯಿಡಾನ್ ಇಷ್ಟು ಸರಳವಲ್ಲ. ಫ್ಯೂಕೋಸ್, ಸಲ್ಫೇಟ್ ಮುಖ್ಯವಾದರೂ ಪಾಚಿಯ ಜಾತಿ, ಋತು, ತೆಗೆಯುವ ವಿಧಾನ ಬದಲಾದಂತೆ ಅದರ ರಚನೆಯೂ ಬದಲಾಗುತ್ತದೆ. ಈಗ ಅದೇ ಹೆಸರಿನ ಮಾತ್ರೆಗಳು ಸರ್ವರೋಗಕ್ಕೂ ಮದ್ದೆಂಬಂತೆ ಮಾರಾಟವಾಗುತ್ತಿವೆ. ಯಾವ ಪಾಚಿ, ಯಾವ ಕಾಲದ ಕೊಯ್ಲು, ಸಲ್ಫೇಟ್ ಎಷ್ಟು ಎಂದು ಬರೆದಿಲ್ಲದ ಬಾಟಲಿಯನ್ನು ನಾನಂತೂ ಕೊಳ್ಳುವುದಿಲ್ಲ.