ಗಂಜಿಯೂ ಗುಳಿಗೆಯೂ

ಕುಂದಾಪುರ, ಬೈಂದೂರು, ಬ್ರಹ್ಮಾವರಗಳ ಮನೆಗಳಲ್ಲಿ ಕುಚ್ಚಲಕ್ಕಿಯ ಗಂಜಿ ಬಹುಕಾಲದ ಊಟ. ಭತ್ತವನ್ನು ನೆನೆಸಿ ಕುಚ್ಚುವಾಗ ತೌಡಿನಲ್ಲಿರುವ ಬಿ1 ಜೀವಸತ್ವವು ಕಾಳಿನೊಳಕ್ಕೆ ಇಳಿಯುತ್ತದೆ. ಮಿಲ್ಲಿಗೆ ಹಾಕಿದರೂ ಅದು ಬೆಳ್ತಿಗೆಗಿಂತ ಹೆಚ್ಚಾಗಿಯೇ ಉಳಿಯುವುದು.

ಆದರೂ ಕೈಕಾಲು ಜೋಮು ಹಿಡಿದೊಡನೆ ಅಂಗಡಿಯಿಂದ ಬಿ ಜೀವಸತ್ವದ ಗುಳಿಗೆ ತಂದು ನುಂಗುವವರುಂಟು. ಮೂತ್ರ ಗಾಢ ಹಳದಿಯಾದರೆ ಅಂಜಬೇಕಿಲ್ಲ. ಅದು ಬಿ2ರ ಬಣ್ಣ. ಬರಿಹೊಟ್ಟೆಯಲ್ಲಿ ವಾಕರಿಕೆ ಬಂದರೆ ಊಟದ ಬಳಿಕ ಸೇವಿಸಬಹುದು. ನಯಾಸಿನ್ ಹೆಚ್ಚಾದರೆ ಮುಖ ಕೆಂಪೇರಿ ಉರಿಯುವುದು.

ನಿಜವಾದ ಎಚ್ಚರ ಬೇಕಾದುದು ಬಿ6ರ ವಿಷಯದಲ್ಲಿ. ಅಧಿಕ ಪ್ರಮಾಣದಲ್ಲಿ ಬಹುಕಾಲ ಸೇವಿಸಿದವರ ನರಗಳು ಕೆಟ್ಟು ಪಾದಗಳು ಮರಗಟ್ಟಿದುದನ್ನು ಅಮೆರಿಕದ ವೈದ್ಯರು 1983ರಲ್ಲಿಯೇ ವರದಿ ಮಾಡಿದರು. ಐರೋಪ್ಯ ಆಹಾರ ಸುರಕ್ಷತಾ ಸಂಸ್ಥೆಯು 2023ರಲ್ಲಿ ವಯಸ್ಕರಿಗೆ ದಿನಕ್ಕೆ 12 ಮಿಲಿಗ್ರಾಮಿನ ಮಿತಿ ವಿಧಿಸಿತು. ಯಾವ ಜೋಮಿಗೆಂದು ಗುಳಿಗೆಯೋ, ಆ ಜೋಮನ್ನೇ ಅದು ತರಬಲ್ಲದು!

ಆದುದರಿಂದ ವಾಚಕರು ಗುಳಿಗೆಯ ಹಾಳೆಯ ಮೇಲೆ ಬಿ6ರ ಪ್ರಮಾಣವನ್ನು ಓದಿಕೊಳ್ಳಬೇಕು. ಜೋಮು ಹೆಚ್ಚಿದರೆ ಗುಳಿಗೆ ಹೆಚ್ಚಿಸದೆ ಅದನ್ನು ವೈದ್ಯರಿಗೆ ತೋರಿಸಬೇಕು. ಅವರೇ ಬರೆದುಕೊಟ್ಟುದಾದರೆ ಕೇಳದೆ ಬಿಡಬಾರದು. ಶಾಕಾಹಾರಿಗಳಲ್ಲಿ ಬಿ12ರ ಕೊರತೆಯೂ, ಕೆಲವರಲ್ಲಿ ಸಕ್ಕರೆ ಕಾಯಿಲೆಯೂ ಜೋಮಿಗೆ ಕಾರಣ. ಯಾವುದೆಂಬುದನ್ನು ರಕ್ತಪರೀಕ್ಷೆ ಹೇಳಲಿ; ಅಂಗಡಿಯವನಲ್ಲ.