ಸೂರ್ಯನ ಬಿರುಗಾಳಿ, ದ್ರಾಕ್ಷಿಯ ರೊಕ್ಕ

ಮಕ್ಕಳೇ, ಮೊನ್ನೆ ರಾತ್ರಿ ವಿಜಯಪುರದ ನಮ್ಮ ಮನೆಯಲ್ಲಿ ಊಟಕ್ಕೆ ಕೂತಿದ್ದೆವು. ಬಬಲೇಶ್ವರದ ಹಳೆಯ ಖಾತೇದಾರರೊಬ್ಬರ ಫೋನು ಬಂತು.

“ಸಾಹೇಬ್ರ, ಸೂರ್ಯನ ಮ್ಯಾಲ ಬಿರುಗಾಳಿ ಎದ್ದದಂತ. ಬ್ಯಾಂಕಿನ ಲೆಕ್ಕ ಎಲ್ಲಾ ಅಳಿಸಿ ಹೋಗ್ತದಂತ ಮೊಬೈಲ್‌ನ್ಯಾಗ ಬಂದದ. ಒಣದ್ರಾಕ್ಷಿ ಮಾರಿದ ರೊಕ್ಕ ತಗದು ಮನ್ಯಾಗ ಇಟ್ಕೊಳ್ಳೇನ್ರಿ?”

ಪಕ್ಕದಲ್ಲಿದ್ದ ಮೊಮ್ಮಗಳ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. “ಅಜ್ಜಾ, ಖರೇನ?”

ಬಿರುಗಾಳಿ ಏಳುವುದು ಖರೆ. ಸೂರ್ಯನಿಂದ ಎರಡು ಬಗೆಯ ಸುದ್ದಿ ಬರುತ್ತದೆ. ಒಂದು, ಸೌರಜ್ವಾಲೆ. ಅದರ ಬೆಳಕು, ಎಕ್ಸ್ ಕಿರಣ ಎಂಟೇ ನಿಮಿಷದಲ್ಲಿ ಇಲ್ಲಿರುತ್ತವೆ, ಹಿಂದಿನ ಕಾಲದ ತಂತಿಯ ಹಾಗೆ. ಇನ್ನೊಂದು, ವಿದ್ಯುತ್ ಕಣಗಳ ದೊಡ್ಡ ಮೋಡ. ಅದು ಪಾರ್ಸೆಲ್ ಇದ್ದ ಹಾಗೆ, ಸಾಮಾನ್ಯವಾಗಿ ಒಂದರಿಂದ ಮೂರು ದಿನ ಹಿಡಿಯುತ್ತದೆ. ಈ ಬಿಡುವಿನಲ್ಲೇ ವಿಜ್ಞಾನಿಗಳು ಮುನ್ಸೂಚನೆ ಕೊಡುತ್ತಾರೆ.

ಅದಕ್ಕಾಗಿ ನಮ್ಮ ದೇಶದ ಕಾವಲುಗಾರನೂ ಒಬ್ಬನಿದ್ದಾನೆ. 2023ರ ಸೆಪ್ಟೆಂಬರ್ 2ರಂದು ಹೊರಟ ಆದಿತ್ಯ ಎಲ್‌1 ನೌಕೆ, ಭೂಮಿಯಿಂದ ಸುಮಾರು 15 ಲಕ್ಷ ಕಿಲೋಮೀಟರ್ ದೂರ ನಿಂತು ಸೂರ್ಯನನ್ನು ನೋಡುತ್ತಿದೆ. ಅದರ ಮುಖ್ಯ ದೂರದರ್ಶಕವನ್ನು ಸಿದ್ಧಪಡಿಸಿದವರು ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯವರು.

ಆದರೂ ಲೆಕ್ಕ ಸುಲಭವಲ್ಲ. ತಿಕೋಟಾದ ರೈತನಿಗೆ ಮೋಡ ಕಂಡರೂ ಅದು ತನ್ನ ದ್ರಾಕ್ಷಿಯ ಮೇಲೆ ಸುರಿಯುತ್ತದೋ, ಮುಂದೆ ಹೋಗುತ್ತದೋ ತಿಳಿಯದು. ಹಾಗೆಯೇ ಸೂರ್ಯನ ಮೋಡದೊಳಗೂ ಒಂದು ಕಾಂತಬಲ ಇರುತ್ತದೆ. ಅದು ದಕ್ಷಿಣಕ್ಕೆ ತಿರುಗಿದ್ದರೆ ಭೂಮಿಗೆ ಪೆಟ್ಟು ಜೋರು. ಯಾವ ದಿಕ್ಕು ಎಂಬುದು ಖಚಿತವಾಗುವುದು ಮೋಡ ಕಾವಲುಗಾರನನ್ನು ದಾಟುವಾಗ. ಆಮೇಲೆ ನಮಗೆ ಉಳಿಯುವುದು ಹೆಚ್ಚೆಂದರೆ ಒಂದು ತಾಸು. 1989ರ ಮಾರ್ಚ್ 13ರಂದು ಇಂಥದ್ದೇ ಬಿರುಗಾಳಿಗೆ ಕೆನಡಾದ ಕ್ವಿಬೆಕ್ ಪ್ರಾಂತ್ಯ ಸುಮಾರು ಒಂಬತ್ತು ತಾಸು ಕತ್ತಲಲ್ಲಿತ್ತು.

2024ರ ಮೇ 10ರ ರಾತ್ರಿಯೂ ದೊಡ್ಡ ಬಿರುಗಾಳಿ ಬಂತು. ಲಡಾಖಿನ ಹಾನ್ಲೆಯಲ್ಲಿ ಆಕಾಶ ಕೆಂಪಾಗಿ ಹೊಳೆಯಿತು. ನಮ್ಮೂರ ಬ್ಯಾಂಕುಗಳು ಮೂರು ದಿನ ಮುಚ್ಚಿದ್ದವು, ಖರೆ. ಯಾಕೆಂದರೆ ಶುಕ್ರವಾರ ಬಸವ ಜಯಂತಿ, ಮರುದಿನ ಎರಡನೇ ಶನಿವಾರ, ಆಮೇಲೆ ರವಿವಾರ! ಸೋಮವಾರ ಬಾಗಿಲು ತೆರೆದಾಗ ಎಲ್ಲರ ಲೆಕ್ಕವೂ ಇದ್ದಲ್ಲೇ ಇತ್ತು. ಬ್ಯಾಂಕುಗಳು ಲೆಕ್ಕದ ಪ್ರತಿಯನ್ನು ಬೇರೆ ಊರಿನಲ್ಲೂ ಇಟ್ಟಿರುತ್ತವೆ.

ಫೋನಿನಲ್ಲಿ ಅವರಿಗೆ ಒಂದೇ ಮಾತು ಕೇಳಿದೆ: “ಆ ಮೆಸೇಜಿಗೆ ತಾರೀಖು ಅದ ಏನ್ರಿ? ಬರದವರ ಹೆಸರು?”

“ಎರಡೂ ಇಲ್ರಿ.”

“ತಾರೀಖು, ಸಹಿ ಇಲ್ಲದ ಚೆಕ್ ನಾ ಎಂದರ ಪಾಸ್ ಮಾಡೀನೇನ್ರಿ?”

ಅವರು ನಕ್ಕರು. ರೊಕ್ಕ ಬ್ಯಾಂಕಿನಲ್ಲೇ ಉಳಿಯಿತು. ಮೊಮ್ಮಗಳ ತುತ್ತು ಬಾಯಿಗೆ ಹೋಯಿತು.